ಇಬ್ಬರ ಆಟ



ಟೆನಿಸ್ಸಿನ ಮನೆಯಲ್ಲಿ ಜೋಡಿ ಆಟಕ್ಕೆ ಯಾವಾಗಲೂ ಎರಡನೆಯ ಪಂಕ್ತಿಯೇ ಗತಿ. 2024ರ ಜನವರಿಯಲ್ಲಿ ಮೆಲ್ಬರ್ನಿನಲ್ಲಿ ನಡೆದ ಆಸ್ಟ್ರೇಲಿಯನ್ ಓಪನ್ ಪಂದ್ಯಾವಳಿಯಲ್ಲಿ ಒಂಟಿಯಾಗಿ ಆಡಿ ಗೆದ್ದವನಿಗೆ ದೊರೆತದ್ದು 31.5 ಲಕ್ಷ ಆಸ್ಟ್ರೇಲಿಯನ್ ಡಾಲರು. ಪುರುಷರ ಡಬಲ್ಸ್ ಗೆದ್ದ ಇಬ್ಬರಿಗೂ ಕೂಡಿ 7.3 ಲಕ್ಷ. ಯೌವನದ ಬಿರುಸು ಇಳಿದವರು ಸೇರಿಕೊಳ್ಳುವ ಪಿಂಜರಾಪೋಲು ಇದು ಎಂದು ಹಾಸ್ಯ ಮಾಡುವವರೂ ಉಂಟು. ಆ ವರ್ಷ ಗೆದ್ದ ಇಬ್ಬರಲ್ಲಿ ಒಬ್ಬನಾದ ನಮ್ಮ ಕೊಡಗಿನ ರೋಹನ್ ಬೋಪಣ್ಣನಿಗೆ ಆಗ 43 ವರ್ಷ. ಹಾಸ್ಯಗಾರರ ಮಾತಿಗೆ ಇದಕ್ಕಿಂತ ಪುರಾವೆ ಬೇಕೆ ಎನ್ನಿಸಬಹುದು. ನನಗೆ ಹಾಗೆನ್ನಿಸುವುದಿಲ್ಲ.

ಮೊದಲು ಅಂಗಳವನ್ನು ಗಮನಿಸಿ. ಒಂಟಿ ಆಟದ ಅಂಗಳದ ಅಗಲ 27 ಅಡಿ. ಜೋಡಿ ಆಟಕ್ಕೆ ಎರಡು ಪಕ್ಕಗಳಲ್ಲೂ ನಾಲ್ಕೂವರೆ ಅಡಿ ಕೂಡಿ 36 ಅಡಿ. ಆಟಗಾರರು ಇಮ್ಮಡಿಯಾದರು, ಅಂಗಳ ಹಿಗ್ಗಿದ್ದು ಮೂರರಲ್ಲೊಂದು ಪಾಲು ಮಾತ್ರ. ಆದುದರಿಂದ ಇಲ್ಲಿ ಓಟಕ್ಕಿಂತ ನೋಟಕ್ಕೆ ಬೆಲೆ ಹೆಚ್ಚು. ತೆರಪು ಎಲ್ಲಿದೆಯೆಂದು ಕಣ್ಣು ಅರಸುವಷ್ಟರಲ್ಲಿ ಬಲೆಯ ಬಳಿಯ ಎದುರಾಳಿ ಚೆಂಡನ್ನು ಗಾಳಿಯಲ್ಲೇ ತಡೆದು ಹೊಡೆದಿರುತ್ತಾನೆ. ಬಲೆಯ ಬಳಿ ನಿಂತವನು ಬೆನ್ನ ಹಿಂದೆ ಕೈಯಿಟ್ಟು ಬೆರಳುಗಳಿಂದ ಸಂಜ್ಞೆ ಮಾಡುವುದನ್ನು ನೀವು ನೋಡಿರಬಹುದು. ತಾನು ಅಡ್ಡ ಹಾಯುವೆನೋ, ನಿಂತಲ್ಲೇ ನಿಲ್ಲುವೆನೋ ಎಂಬುದರ ಸೂಚನೆ ಅದು. ಸರ್ವ್ ಮಾಡುವವನು ಅದನ್ನು ನಂಬಿ ತೆರವಾದ ಪಕ್ಕವನ್ನು ಕಾಯಬೇಕು. ನಂಬಿಕೆ ಅರೆಕ್ಷಣ ತಡವಾದರೆ ಅಂಕ ಹೋಯಿತು. ದಾಂಪತ್ಯಕ್ಕೂ ಇಷ್ಟು ಶಿಸ್ತು ಬೇಕಾಗಲಾರದೇನೋ!

ಬೋಪಣ್ಣನ ಜೊತೆಗಾರ ಆಸ್ಟ್ರೇಲಿಯದ ಮ್ಯಾಥ್ಯೂ ಎಬ್ಡೆನ್. 2023ರ ಅಮೆರಿಕನ್ ಓಪನ್ನಿನ ಅಂತಿಮ ಪಂದ್ಯದಲ್ಲಿ ಇವರು ಮೊದಲ ಸೆಟ್ಟನ್ನು ಗೆದ್ದೂ ಸೋತಿದ್ದರು. 2010ರಲ್ಲಿ ಅಲ್ಲಿಯೇ, ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿಯ ಜೊತೆಗೂಡಿ ಆಡಿದ ಬೋಪಣ್ಣ ಬ್ರಯನ್ ಸೋದರರಿಗೆ ಎರಡೂ ಸೆಟ್ಟುಗಳನ್ನು ಟೈಬ್ರೇಕರಿನಲ್ಲಿ ಒಪ್ಪಿಸಿದ್ದ. 2017ರಲ್ಲಿ ಫ್ರೆಂಚ್ ಓಪನ್ನಿನ ಮಿಶ್ರ ಜೋಡಿಯ ಪ್ರಶಸ್ತಿ ಬಂದದ್ದುಂಟು. ಪುರುಷರ ಜೋಡಿಯದು ಮಾತ್ರ ಕೈಗೆಟುಕಿರಲಿಲ್ಲ. ಮೊಣಕಾಲಿನ ಮೃದ್ವಸ್ಥಿ ಸವೆದುಹೋಗಿತ್ತು. 2021ರಲ್ಲಿ ತಿಂಗಳುಗಟ್ಟಲೆ ಒಂದು ಗೆಲುವೂ ಇಲ್ಲದೆ ಆಟವನ್ನೇ ಬಿಡುವ ಯೋಚನೆ ಬಂದಿತ್ತೆಂದು ಆತನೇ ಹೇಳಿದ್ದಾನೆ. ಕೈಹಿಡಿದು ನಿಲ್ಲಿಸಿದ್ದು ಅಯ್ಯಂಗಾರ್ ಯೋಗ. ಆ ಪದ್ಧತಿಯ ಪ್ರವರ್ತಕರಾದ ಬಿ.ಕೆ.ಎಸ್. ಅಯ್ಯಂಗಾರರು ಕೋಲಾರ ಜಿಲ್ಲೆಯ ಬೆಳ್ಳೂರಿನವರು. ಕೊಡಗಿನ ಮೊಣಕಾಲಿಗೆ ಕೋಲಾರದ ಮದ್ದು ದೊರೆತಂತಾಯಿತು.

ಮೆಲ್ಬರ್ನಿನ ದಾರಿಯೂ ಸುಗಮವಾಗಿರಲಿಲ್ಲ. ಮೊದಲ ಸುತ್ತಿನಲ್ಲೇ ಮೂರನೆಯ ಸೆಟ್ಟಿನ ಹತ್ತು ಅಂಕಗಳ ಟೈಬ್ರೇಕರು. ಉಪಾಂತ್ಯದಲ್ಲಿ ಮತ್ತೆ ಅದೇ. ಜನವರಿ 27ರ ಅಂತಿಮ ಪಂದ್ಯದಲ್ಲಿ ಎದುರಾದವರು ಇಟಲಿಯ ಸಿಮೋನೆ ಬೊಲೆಲ್ಲಿ ಮತ್ತು ಆಂಡ್ರಿಯಾ ವಾವಸ್ಸೋರಿ. ಮೊದಲ ಸೆಟ್ಟಿನ ಟೈಬ್ರೇಕರಿನಲ್ಲಿ ಅವರಿಗೆ ಒಂದಂಕವೂ ದಕ್ಕಲಿಲ್ಲ. ಎರಡನೆಯ ಸೆಟ್ಟು 7-5. 1968ರಲ್ಲಿ ಮುಕ್ತ ಯುಗ ತೊಡಗಿದಂದಿನಿಂದ ಅಷ್ಟು ವಯಸ್ಸಿನಲ್ಲಿ ಪುರುಷರ ಡಬಲ್ಸ್ ಗ್ರಾಂಡ್‌ಸ್ಲಾಮ್ ಗೆದ್ದವರು ಅದುವರೆಗೆ ಯಾರೂ ಇರಲಿಲ್ಲ.

ಪತ್ರಿಕೆಗಳೆಲ್ಲ ಈ ವಯಸ್ಸಿನ ಲೆಕ್ಕವನ್ನೇ ಹಿಡಿದು ಕುಳಿತವು. ನನಗೆ ಸ್ವಾರಸ್ಯವೆನಿಸುವುದು ಬೇರೆ. ಸವೆದ ಮೊಣಕಾಲಿನವನು ಆಡಬಲ್ಲ ಆಟ ಕೀಳೆಂದು ಅದರಿಂದ ಸಿದ್ಧವಾಗುವುದಿಲ್ಲ. ಕಾಲು ಕಳೆದುಕೊಂಡದ್ದನ್ನು ಕಣ್ಣೂ ಜೊತೆಗಾರನೂ ತುಂಬಿಕೊಡಬಲ್ಲ ಆಟ ಅದೆಂಬುದಷ್ಟೇ ಸಿದ್ಧವಾಗುತ್ತದೆ. ಉಪಾಂತ್ಯದಲ್ಲಿ ಸೋತ ಜಾಂಗ್ ಮತ್ತು ಮಾಖಾಚ್ ಇಬ್ಬರೂ ಮೂವತ್ತು ದಾಟದ ಒಂಟಿ ಆಟದ ಪಟುಗಳು.

2024ರ ಕೊನೆಗೆ ಈ ಜೋಡಿ ಬೇರೆಯಾಯಿತು. ಎಬ್ಡೆನ್ ಅದೇ ವರ್ಷ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಸ್ವದೇಶದ ಜಾನ್ ಪಿಯರ್ಸನೊಡನೆ ಚಿನ್ನ ಗೆದ್ದಿದ್ದ. ಬೋಪಣ್ಣ 2025ರ ನವೆಂಬರಿನಲ್ಲಿ ನಿವೃತ್ತಿಯನ್ನು ಘೋಷಿಸಿದ. ಅದಕ್ಕೆ ಮುನ್ನ ಪ್ಯಾರಿಸ್ಸಿನಲ್ಲಿ ಆಡಿದ ಕಡೆಯ ಪಂದ್ಯದಲ್ಲಿ ಆತನ ಜೊತೆಗಿದ್ದವನು ಕಜಕಸ್ತಾನದ ಅಲೆಕ್ಸಾಂಡರ್ ಬುಬ್ಲಿಕ್.