ಬೆಂಡಿನ ಬಾಸಿಂಗ ಮತ್ತು ಬಿಡುವಿನ ಕೆಲಸ

(ಸಂಘದ ಬೆಳ್ಳಿಹಬ್ಬದ ಮಹಿಳಾ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ನನಗೆ ಕೊಟ್ಟ ವಿಷಯ, ‘ಕೈಯಿಂದ ತಯಾರಿಸುವ ಅಲಂಕಾರದ ಉಡುಗೊರೆಗಳು: ಬಿಡುವಿನ ವೇಳೆಯ ಸದುಪಯೋಗ’. ಆಮಂತ್ರಣ ಪತ್ರಿಕೆಯಲ್ಲಿ ಹಾಗೇ ಅಚ್ಚಾಗಿದೆ. ಇದರಲ್ಲಿ ಮೊದಲ ಅರ್ಧ ನನಗೆ ಪೂರ್ಣ ಒಪ್ಪಿಗೆ. ಎರಡನೆಯ ಅರ್ಧದ ಮೇಲೆ ಮಾತ್ರ ನನ್ನದೊಂದು ತಕರಾರು ಇದೆ. ಅದನ್ನು ಆಮೇಲೆ ಹೇಳ್ತೇನೆ. ಅಧ್ಯಕ್ಷರು ಬೇಸರ ಮಾಡಿಕೊಳ್ಳಬಾರದು.

ಉಡುಗೊರೆ ಅಂದ ಕೂಡಲೆ ಈಗಿನ ಮಕ್ಕಳಿಗೆ ಬಣ್ಣದ ಕಾಗದ ಸುತ್ತಿದ ಪೆಟ್ಟಿಗೆ ಕಣ್ಣಿಗೆ ಬರ್ತದೆ. ಆದರೆ ಕತ್ತರಿಸಿ, ಬಣ್ಣ ಹಚ್ಚಿ, ಅಂಟಿಸಿ ಚೆಂದ ಮಾಡುವ ಕೆಲಸ ನಮ್ಮ ಭಟ್ಕಳ, ಹೊನ್ನಾವರ, ಕುಮಟಾ ಕಡೆಗೆ ಪೇಟೆಯಿಂದ ಬಂದದ್ದಲ್ಲ. ಗುಡಿಗಾರರ ಕಸುಬನ್ನೇ ನೋಡಿ. ಅವರ ಗಂಧದ ಕೆತ್ತನೆಯ ಪ್ರಸ್ತಾಪ 1883ರಲ್ಲಿ ಪ್ರಕಟವಾದ ಬೊಂಬಾಯಿ ಪ್ರೆಸಿಡೆನ್ಸಿಯ ಕೆನರಾ ಗೆಜೆಟಿಯರಿನಲ್ಲೇ ಇದೆ. ಗಂಧದ ಪೆಟ್ಟಿಗೆ ದೊರೆಗಳಿಗೂ ಸಾಹೇಬರಿಗೂ ಹೋಯಿತು. ನಮ್ಮಂಥವರ ಮನೆಗೆ ಬಂದದ್ದು ಅದೇ ಕೈಗಳು ಮಾಡಿದ ಬೆಂಡಿನ ಬಾಸಿಂಗ. ಮದುವೆ ಮುಗಿದು ವರ್ಷಗಳಾದರೂ ಬಾಸಿಂಗವನ್ನು ಎಸೆಯಲು ಮನಸ್ಸು ಬರುವುದಿಲ್ಲ. ಎಷ್ಟೋ ಮನೆಗಳಲ್ಲಿ ಧೂಳು ಹಿಡಿದು ಗೋಡೆಯ ಮೊಳೆಗೆ ತೂಗ್ತಾ ಇರ್ತದೆ.

ಬಾಸಿಂಗ ಹೇಗೆ ಆಗ್ತದೆ ಅನ್ನುವುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಯಾಕೆಂದರೆ ನಾವು ಅದನ್ನು ಹಣೆಗೆ ಕಟ್ಟಿಕೊಂಡವರೇ ವಿನಾ ಮಾಡುವುದನ್ನು ನೋಡಿದವರು ಕಮ್ಮಿ. ಬೆಂಡು ಕೆರೆ, ಹೊಂಡಗಳಲ್ಲಿ, ನೀರು ನಿಲ್ಲುವ ತಗ್ಗಿನಲ್ಲಿ ಬೆಳೆಯುವ ಗಿಡ. ಮಳೆಗಾಲದಲ್ಲಿ ಏಳ್ತದೆ, ಮಳೆ ಹಿಂದೆ ಸರಿದ ಮೇಲೆ ಕಿತ್ತು ಒಣಗಿಸಬೇಕು. ಒಣಗಿದ ಕಾಂಡ ಕೈಯಲ್ಲಿ ಹಿಡಿದರೆ ಭಾರವೇ ಇಲ್ಲ. ಮೇಲಿನ ಕಂದು ಸಿಪ್ಪೆ ಹೆರೆದರೆ ಒಳಗೆ ಹಾಲಿನಂಥ ಬಿಳಿ ತಿರುಳು. ಉದ್ದ ಅಲಗಿನ ಹರಿತವಾದ ಕತ್ತಿ ಹಿಡಿದು, ಕಾಂಡವನ್ನು ತಿರುಗಿಸುತ್ತ ತಿರುಗಿಸುತ್ತ ತಿರುಳನ್ನು ಕಾಗದದ ಹಾಗೆ ಬಿಡಿಸಿಕೊಂಡು ಬರಬೇಕು. ಇಡೀ ಕಸುಬಿನ ಗುಟ್ಟು ಇಲ್ಲಿದೆ. ಕೈ ಚೂರು ಅಲುಗಿದರೆ ಹಾಳೆ ಹರಿಯಿತು. ಕತ್ತಿ ಮೊಂಡಾದರೆ ಬೆಂಡು ಕತ್ತರಿಸುವುದಿಲ್ಲ, ಪುಡಿಪುಡಿಯಾಗ್ತದೆ. ಆಮೇಲೆ ಆ ಹಾಳೆಯನ್ನು ಮಡಚಿ ಎಸಳು ಕತ್ತರಿಸುವುದು, ಸುರುಳಿ ಸುತ್ತಿ ಮೊಗ್ಗು ಮಾಡುವುದು, ಬಣ್ಣ ಕುಡಿಸುವುದು, ಬೇಗಡೆ ಅಂಟಿಸುವುದು, ಮಣಿ ಪೋಣಿಸುವುದು. ಬೆಂಡಿಗೆ ತೇವ ಆಗದು. ನಮ್ಮ ಕರಾವಳಿಯ ಹವೆಯಲ್ಲಿ ತೆರೆದಿಟ್ಟರೆ ಹಳದಿಯಾಗಿ ಬೂಸ್ಟು ಹಿಡೀತದೆ. ಹಾಗಾಗಿ ಸಂಗ್ರಹಿಸಿ ಇಡುವುದೂ ಒಂದು ವಿದ್ಯೆಯೇ.

ಬೇಗಡೆ ಅಂದಾಗ ಯಕ್ಷಗಾನ ನೆನಪಾಗದೆ ಇರ್ತದೆಯೇ? ಗುಣವಂತೆಯ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದರು. ಕೆರೆಮನೆ ಶಂಭು ಹೆಗಡೆಯವರನ್ನು, ಚಿಟ್ಟಾಣಿಯವರನ್ನು ಕೊಟ್ಟ ನೆಲ ಇದು. ಗ್ಯಾಸ್‌ಲೈಟಿನ ಬೆಳಕಿನಲ್ಲಿ ಕಿರೀಟ, ಎದೆಕಟ್ಟು, ಭುಜಕೀರ್ತಿ ಹೊಳೆದಾಗ ನಾವು ಕಲಾವಿದರ ಹೆಸರು ಹೇಳಿದೆವು. ಹಗುರದ ಮರ ಕೊರೆದು, ಬೇಗಡೆ ಕತ್ತರಿಸಿ ಕೂಡಿಸಿದವನ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಕೈಕೆಲಸದವರ ಹಣೆಬರಹ ಇಷ್ಟೇ ಆಗಿಬಿಟ್ಟಿದೆ.

ಇರಲಿ. ಬೆಂಡಿನ ಬಾಸಿಂಗದ ಜಾಗಕ್ಕೆ ಥರ್ಮೊಕೋಲ್ ಬಂತು. ಅಗ್ಗ, ಬೆಳ್ಳಗೆ, ಅಂಗಡಿಯಲ್ಲಿ ಕೇಳಿದ ಕೂಡಲೆ ಸಿಗ್ತದೆ. ಇತ್ತ ಕೆರೆಗಳಲ್ಲಿ ಹೂಳು ತುಂಬಿತು, ತಗ್ಗಿನ ಜಾಗಕ್ಕೆ ಮಣ್ಣು ಬಿತ್ತು, ಬೆಂಡು ಹುಡುಕಿಕೊಂಡು ಹೋಗುವ ಪರಿಸ್ಥಿತಿ ಆಯಿತು. ಆದರೆ ಈಗ ಕಾಲ ಸ್ವಲ್ಪ ತಿರುಗಿದೆ. 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧವಾದ ಏಕಬಳಕೆಯ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಅಲಂಕಾರದ ಥರ್ಮೊಕೋಲೂ ಸೇರಿದೆ. ಪೇಟೆಯಲ್ಲಿ ಇನ್ನೂ ಸಿಗ್ತದಲ್ಲ ಅಂತ ನೀವು ನಗಬಹುದು. ಸಿಗ್ತದೆ, ನಿಜ. ಆದರೂ ಮದುವೆ ಮಂಟಪದವರು, ಶಾಲೆಯವರು, ದೇವಸ್ಥಾನದವರು ‘ಬೇರೆ ಏನಾದರೂ ಇದ್ದರೆ ಹೇಳಿ’ ಅಂತ ಕೇಳುವ ಕಾಲ ಬಂದಿದೆ. ಆ ‘ಬೇರೆ ಏನಾದರೂ’ ನಮ್ಮ ಕೆರೆಯಲ್ಲೇ ಬೆಳೀತದೆ. ಇನ್ನೊಂದು ಮಾತು. ಥರ್ಮೊಕೋಲಿಗೆ ಥಿನ್ನರ್ ಬೆರೆಸಿದ ಬಣ್ಣ ಹಚ್ಚಿದರೆ ಕರಗಿ ಹೊಂಡ ಬೀಳ್ತದೆ. ಬೆಂಡು ಹಾಗಲ್ಲ, ಹಚ್ಚಿದ ಬಣ್ಣವನ್ನು ಕುಡಿದು ಮೃದುವಾಗಿ ತೋರಿಸ್ತದೆ.

ಈಗ ನಮ್ಮ ಮಹಿಳಾ ಗುಂಪಿನವರ ಕೆಲಸಕ್ಕೆ ಬರ್ತೇನೆ. ಎಲ್ಲರೂ ಬಾಸಿಂಗ ಮಾಡಲಿ ಅಂತ ನಾನು ಹೇಳುವುದಿಲ್ಲ. ಅದು ತಲೆಮಾರುಗಳ ಕೈ. ನಾಲ್ಕು ದಿನದ ತರಬೇತಿಯಲ್ಲಿ ಬರುವುದಲ್ಲ, ಮತ್ತು ಅದನ್ನೇ ನಂಬಿದ ಮನೆಗಳ ಅನ್ನಕ್ಕೆ ನಾವು ಕೈ ಹಾಕುವುದೂ ಸರಿಯಲ್ಲ. ಅವರಿಂದ ಬೆಂಡಿನ ಹೂವು, ಹಾಳೆ ಕೊಳ್ಳೋಣ. ನಾವು ಮಾಡಬಹುದಾದ ಸಣ್ಣ ಸಾಮಾನು ಬೇಕಾದಷ್ಟಿದೆ: ಉಡುಗೊರೆಯ ಲಕೋಟೆ, ಶುಭಾಶಯ ಪತ್ರ, ಬಾಗಿನದ ಮೊರಕ್ಕೆ ಚಿತ್ತಾರ, ಅರಿಶಿನ ಕುಂಕುಮದ ಪೆಟ್ಟಿಗೆ, ಬಾಗಿಲ ತೋರಣ.

ಇದಕ್ಕೆ ಮೂರು ಸಾಧನ ಸಾಕು. ಒಂದು, ರಬ್ಬರಿನ ಅಚ್ಚು. ಬೆಂಡೆಕಾಯಿ ಅಡ್ಡ ಕೊಯ್ದು ಬಣ್ಣದಲ್ಲಿ ಅದ್ದಿ ಪಟ್ಟಿಯ ಮೇಲೆ ಹೂವು ಒತ್ತಿದ್ದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಅದೇ ತತ್ವ. ಸವೆದ ಹವಾಯಿ ಚಪ್ಪಲಿಯ ಅಟ್ಟೆ, ಪೆನ್ಸಿಲ್ ಅಳಿಸುವ ರಬ್ಬರು, ಸೈಕಲ್ಲಿನ ಹಳೇ ಟ್ಯೂಬು ಇವುಗಳಲ್ಲಿ ಆಕಾರ ಕೊರೆದು ಮರದ ತುಂಡಿಗೆ ಅಂಟಿಸಿದರೆ ಅಚ್ಚು ತಯಾರು. ಅಕ್ಷರ ಕೊರೆಯುವುದಾದರೆ ಮಾತ್ರ ಉಲ್ಟಾ ಕೊರೆಯಬೇಕು, ಕನ್ನಡಿ ಎದುರು ಹಿಡಿದು ನೋಡಿಕೊಳ್ಳಿ. ಎರಡು, ಕತ್ತರಿಸುವ ಅಚ್ಚು. ಪೇಟೆಯವರು ಇದಕ್ಕೆ ಡೈ ಅಂತಾರೆ. ಹಾಳೆತಟ್ಟೆ ಮಶಿನ್ನಿನಲ್ಲಿ ನೋಡಿದ್ದೀರಲ್ಲ, ಅದರ ತಮ್ಮ. ತಗಡಿನ ಪಟ್ಟಿಯನ್ನು ಎಸಳಿನ ಆಕಾರಕ್ಕೆ ಬಗ್ಗಿಸಿ, ಒಂದು ಅಂಚು ಹರಿತ ಮಾಡಿ, ಮರದ ಹಲಗೆಯ ಮೇಲೆ ನಾಲ್ಕು ಪದರ ಕಾಗದ ಇಟ್ಟು ಕೊಡತಿಯಲ್ಲಿ ಒಂದು ಪೆಟ್ಟು. ನಾಲ್ಕೂ ಎಸಳು ಒಂದೇ ಅಳತೆ. ಬೆಂಡಿಗೆ ಈ ಪೆಟ್ಟು ಬೇಡ, ಅದು ಜಜ್ಜಿಹೋಗ್ತದೆ. ಕಾಗದಕ್ಕೆ, ಬಟ್ಟೆಗೆ, ನೆನೆಸಿ ಒರೆಸಿದ ಅಡಿಕೆ ಹಾಳೆಗೆ ಆದೀತು. ಹಾಳೆತಟ್ಟೆ ಮಾಡುವಲ್ಲಿ ಅಂಚಿನ ಚೂರು ರಾಶಿ ಬೀಳ್ತದೆ, ಅದೂ ನಮಗೆ ಉಪಯೋಗ. ಮೂರನೆಯದು ಬಣ್ಣ ಮತ್ತು ಕುಂಚ. ಶೇಡಿ, ಕೆಮ್ಮಣ್ಣು ಕಲಸಿ ಗೋಡೆಗೆ ಬರೆದ ಅಜ್ಜಿಯಂದಿರ ಮೊಮ್ಮಕ್ಕಳಿಗೆ ನಾನು ಬಣ್ಣದ ಪಾಠ ಹೇಳುವುದು ಅಧಿಕಪ್ರಸಂಗ ಆಗ್ತದೆ.

ಅಚ್ಚು ಒತ್ತಿದ ಮೇಲೆ ಅದು ಕೈಕೆಲಸ ಹೇಗಾಯಿತು ಅಂತ ಕೆಲವರು ಕೇಳ್ತಾರೆ. ಈ ಪ್ರಶ್ನೆ ಸಾಮಾನ್ಯವಾಗಿ ಕೂತು ಕೆಲಸ ಮಾಡದವರಿಂದಲೇ ಬರುವುದು. ಚಕ್ಕುಲಿಯನ್ನು ಒರಳಿನಲ್ಲಿ ಒತ್ತಿದರೆ ಅದು ಮನೆಯ ಚಕ್ಕುಲಿ ಅಲ್ಲವೋ? ಹಿಟ್ಟು ಹದ ಮಾಡಿದ್ದು ಯಾರು, ಎಣ್ಣೆಯ ಕಾವು ನೋಡಿದ್ದು ಯಾರು? ಅಚ್ಚು ಮಾಡುವುದು ಒಂದೇ ಕೆಲಸ: ಅದೇ ಗೆರೆಯನ್ನು ಅರವತ್ತು ಸಲ ಬರೆಯುವ ದಣಿವು ತಪ್ಪಿಸ್ತದೆ. ಉಳಿದ ಹೊತ್ತು ಬಣ್ಣ ತುಂಬಲಿಕ್ಕೆ ಸಿಗ್ತದೆ.

ಹೊತ್ತಿನ ಮಾತು ಬಂತು. ನನ್ನ ತಕರಾರು ಇಲ್ಲೇ ಇರುವುದು. ‘ಬಿಡುವಿನ ವೇಳೆ’ ಅನ್ನುವ ಮಾತು ಕೇಳಲಿಕ್ಕೆ ಚೆಂದ. ಬೆಲೆ ಹೇಳುವಾಗ ಅದೇ ಮಾತು ನಮ್ಮ ಕುತ್ತಿಗೆಗೆ ಬರ್ತದೆ. ‘ಹೇಗೂ ಮನೆಯಲ್ಲಿ ಕೂತು ಮಾಡಿದ್ದಲ್ಲವೇನಮ್ಮ, ಇಷ್ಟು ತಗೋ’ ಅಂತ ಅಂಗಡಿಯವನು ಹೇಳಿದರೆ ತಿರುಗಿ ಹೇಳಲಿಕ್ಕೆ ನಮ್ಮಲ್ಲಿ ಲೆಕ್ಕ ಇರುವುದಿಲ್ಲ. ಒಂದು ಲೆಕ್ಕ ಹಾಕಿ ನೋಡೋಣ. ಇವು ತಿಳಿವಳಿಕೆಗಾಗಿ ಹಿಡಿದ ಅಂಕಿ, ನಿಮ್ಮ ನಿಮ್ಮ ಊರಿನ ಧಾರಣೆ ಹಾಕಿಕೊಳ್ಳಿ. ಒಂದು ಜೊತೆ ಬಾಸಿಂಗಕ್ಕೆ ಬೆಂಡು, ಮಣಿ, ಬೇಗಡೆ, ಅಂಟು, ನೂಲು ಸೇರಿ 90 ರೂಪಾಯಿ. ಒಂದೂವರೆ ದಿನದ ಕೆಲಸ, ದಿನಕ್ಕೆ 400ರಂತೆ 600 ರೂಪಾಯಿ. ಹಾಳಾದದ್ದು, ಕತ್ತಿ ಮಸೆದದ್ದು ಅಂತ 30. ಅಲ್ಲಿಗೆ 720 ಆಯಿತು. ಸಂಘದ ಕಮಿಶನ್ ನೂರಕ್ಕೆ 5ರಂತೆ 36 ಸೇರಿಸಿ, ಒಟ್ಟು 756. ಇದನ್ನು 300ಕ್ಕೆ ಅಂಗಡಿಗೆ ಕೊಟ್ಟು ಬಂದವಳು ಲಾಭ ಆಯಿತು ಅಂತಲೇ ತಿಳಿದಿರ್ತಾಳೆ, ಯಾಕೆಂದರೆ ಸಾಮಾನಿಗೆ ಖರ್ಚಾದದ್ದು 90 ತಾನೆ? ಹಾಳು ಸವಕಳಿಯ 30 ಸಹ ಕಳೆದರೆ ಅವಳ ಕೈಗೆ ಉಳಿದದ್ದು 180. ದಿನಕ್ಕೆ 120 ರೂಪಾಯಿ. ತೋಟದ ಕೆಲಸಕ್ಕೆ ಆ ಕೂಲಿಗೆ ಕರೆದರೆ ಯಾರಾದರೂ ಬಂದಾರೆಯೇ?

ಕಸುಬು ಸಾಯುವುದು ಥರ್ಮೊಕೋಲಿನಿಂದ ಮಾತ್ರ ಅಲ್ಲ. ಈ 180 ರೂಪಾಯಿಯನ್ನು ನೋಡಿದ ಮಗ ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಅವನನ್ನು ಬೈಯುವ ಹಕ್ಕು ನಮಗಿಲ್ಲ.

ಸಹಕಾರಿ ಸಂಘ ಬೇಕಾದದ್ದು ಇಂಥ ಕಡೆ. 1905ರಲ್ಲಿ ಗದಗಿನ ಹತ್ತಿರ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಂಘ ಕಟ್ಟಿದ್ದು ಸಾಲಕ್ಕಾಗಿ. ಆದರೆ ನಮ್ಮದೇ ಜಿಲ್ಲೆಯಲ್ಲಿ 1923ರಲ್ಲಿ ಶಿರಸಿಯ ತೋಟಗಾರರು ತಮ್ಮ ಸೇಲ್ ಸೊಸೈಟಿ ಕಟ್ಟಿದಾಗ ಮಾಡಿದ್ದು ಮಾರಾಟದ ಕೆಲಸ. ಒಬ್ಬೊಬ್ಬನೇ ಸಾಹುಕಾರನ ಜಗಲಿಯಲ್ಲಿ ಕೈಕಟ್ಟಿ ನಿಲ್ಲುವುದು ಬಿಟ್ಟು, ಎಲ್ಲರ ಅಡಿಕೆ ಒಂದೇ ಕಡೆ ಸೇರಿದಾಗ ವ್ಯಾಪಾರಿ ಅಲ್ಲಿಗೇ ಬರಬೇಕಾಯಿತು. ಅಡಿಕೆಗೆ ಆದದ್ದು ಬಾಸಿಂಗಕ್ಕೆ, ಬಾಗಿನದ ಮೊರಕ್ಕೆ ಯಾಕೆ ಆಗಬಾರದು?

ಗುಂಪಿಗೆ ಸಾಲ ಕೊಡುವ ಠರಾವು ಮಂಡಳಿಯ ಮುಂದಿದೆ ಅಂತ ಕೇಳಿದೆ. ಸಂತೋಷ. ಆದರೆ ನನ್ನ ಅಭಿಪ್ರಾಯ ಬೇರೆ. ಮೊದಲು ಸಾಲ ಬೇಡ, ಮೊದಲು ಖರೀದಿ ಬೇಕು. ಮಾರಾಟ ಗೊತ್ತಿಲ್ಲದ ಸಾಮಾನಿಗೆ ಸಾಲ ಕೊಟ್ಟರೆ ಕಪಾಟಿನಲ್ಲಿ ಸಾಮಾನು ಉಳೀತದೆ, ಪುಸ್ತಕದಲ್ಲಿ ಬಡ್ಡಿ ಬೆಳೀತದೆ. ಸಂಘವೇ ಸುಗ್ಗಿಯಲ್ಲಿ ಬೆಂಡು, ಕಾಗದ, ಬಣ್ಣ ಸಗಟು ಕೊಂಡು ಸದಸ್ಯರಿಗೆ ಹಂಚಲಿ. ಕೂಲಿಯ ಲೆಕ್ಕ ಸೇರಿದ ಒಂದು ದರಪಟ್ಟಿ ಗೋಡೆಗೆ ಹಚ್ಚಲಿ, ಅದಕ್ಕಿಂತ ಕೆಳಗೆ ಯಾರೂ ಮಾರದಿರಲಿ. ಸಾಮಾನು ಒಪ್ಪಿಸಿದ ದಿನವೇ ಅರ್ಧ ಹಣ, ಮಾರಾಟವಾದ ಮೇಲೆ ಉಳಿದದ್ದು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಶಿಲ್ಪಿಗಳು, ಗೊಂಬೆ ಮಾಡುವವರು, ಹೂಮಾಲೆ ಕಟ್ಟುವವರು, ಬುಟ್ಟಿ ಚಾಪೆ ಹೆಣೆಯುವವರು ಸೇರಿದ್ದಾರೆ. ಉಪಕರಣಕ್ಕೆ 15,000 ರೂಪಾಯಿ, 5 ಶೇಕಡಾ ಬಡ್ಡಿಯ ಸಾಲ ಅದರಲ್ಲಿದೆ. ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ. ಯಾರ ಕಸುಬು ಅದರೊಳಗೆ ಬರ್ತದೆ ಅನ್ನುವುದನ್ನು ಕಾರ್ಯದರ್ಶಿಯವರು ಕೂತು ನೋಡಿಕೊಡಲಿ, ನಮ್ಮ ಹೆಂಗಸರು ಕಚೇರಿಯಿಂದ ಕಚೇರಿಗೆ ಅಲೆಯುವುದು ತಪ್ಪಲಿ.

ಕೊಳ್ಳುವವರು ಎಲ್ಲಿದ್ದಾರೆ ಅಂತ ಕೇಳ್ತೀರಿ. ಮುರ್ಡೇಶ್ವರಕ್ಕೆ, ಗೋಕರ್ಣಕ್ಕೆ, ಇಡಗುಂಜಿಗೆ ಬರುವ ಜನ ಕಮ್ಮಿಯೇ? 1998ರಲ್ಲಿ ಕೊಂಕಣ ರೈಲು ಬಂದ ಮೇಲೆ ದಾರಿ ಸುಲಭವಾಯಿತು. ಹೊನ್ನಾವರದ ಕಾಸರಕೋಡ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಬಂತು. ಅಲ್ಲೆಲ್ಲ ಅಂಗಡಿಗಳಲ್ಲಿ ಸಿಗುವ ನೆನಪಿನ ಕಾಣಿಕೆ ತಿರುಗಿಸಿ ನೋಡಿ, ಹೆಚ್ಚಿನದು ಎಲ್ಲಿಂದಲೋ ಬಂದ ಮಾಲು. ಭಟ್ಕಳದಿಂದ ಗಲ್ಫಿಗೆ ಹೋದ ಮನೆಗಳು, ಮುಂಬಯಿಯಲ್ಲಿ ನೆಲೆನಿಂತ ನಮ್ಮವರು ಊರಿಗೆ ಬಂದು ಮರಳುವಾಗ ಕಟ್ಟಿಕೊಂಡು ಹೋಗುವುದು ಹಪ್ಪಳ, ಉಪ್ಪಿನಕಾಯಿ, ಕೋಕಮ್. ಆ ಪೆಟ್ಟಿಗೆಯಲ್ಲಿ ಒಂದು ಬೆಂಡಿನ ಹೂವಿಗೂ ಜಾಗ ಇದೆ, ತೂಕವಂತೂ ಇಲ್ಲ!

ದೂರದ ಮಾತು ಬಿಡಿ. ಮುಂದಿನ ವಾರ್ಷಿಕ ಸಭೆಗೆ ಸಂಘ ಸ್ಮರಣಿಕೆ ಕೊಡಲೇಬೇಕಲ್ಲ? ಹೊರಗಿನ ಅಂಗಡಿಗೆ ಹೇಳುವ ಮೊದಲು ನಮ್ಮ ಗುಂಪಿಗೆ ಹೇಳಿ, ದರಪಟ್ಟಿಯ ದರ ಕೊಡಿ, ಚೌಕಾಶಿ ಮಾಡಬೇಡಿ. ಬೆಂಡು ಕೀಳುವ ಸಮಯ ಮಳೆ ಬಿಟ್ಟ ಕೂಡಲೆ. ಆದ್ದರಿಂದ ದೀಪಾವಳಿಗೆ ಮುಂಚೆ ಯಾವ ಕೆರೆಯಲ್ಲಿ ಎಷ್ಟು ಸಿಕ್ಕೀತು ಅಂತ ಇಬ್ಬರನ್ನು ಕಳಿಸಿ ನೋಡಿಸಬೇಕು. ಹೆಸರು ಕೊಡುವ ಅಕ್ಕಂದಿರಿಗಾಗಿ ಬಾಗಿಲ ಹತ್ತಿರ ಒಂದು ನೋಟುಪುಸ್ತಕ ಇಟ್ಟಿದ್ದೇನೆ. ಹೆಸರಿನ ಮುಂದೆ, ದಿನಕ್ಕೆ ಎಷ್ಟು ತಾಸು ಕೆಲಸಕ್ಕೆ ಕೂರಬಲ್ಲಿರಿ ಅನ್ನುವುದನ್ನೂ ಬರೆಯಿರಿ. ‘ಬಿಡುವಾದಾಗ’ ಅಂತ ಮಾತ್ರ ಬರೆಯಬೇಡಿ.