ಪಿರಮಿಡ್ಡೂ ಮೋರ್ಯರ ಮನೆಯೂ

ಈಚೆಗೆ ಒಂದು ಸಂಜೆ, ಮೈಸೂರಿನ ಕುವೆಂಪುನಗರದಲ್ಲಿ, ಮಿತ್ರರೊಬ್ಬರ ಮನೆಯ ಜಗುಲಿಯ ಮೇಲೆ ನಾವು ನಾಲ್ಕು ಜನ ಮಾತನಾಡುತ್ತ ಕುಳಿತಿದ್ದೆವು. ಮಾತು ಹೇಗೋ ಈಜಿಪ್ಟಿನ ಪಿರಮಿಡ್ಡುಗಳ ಕಡೆಗೆ ತಿರುಗಿತು. ಮನೆಯ ಹಿರಿಯರು, ಅವು ಬರಗಾಲಕ್ಕೆಂದು ಧಾನ್ಯ ತುಂಬಿಡಲು ಕಟ್ಟಿಸಿದ ಕಣಜಗಳೆಂದು ಎಲ್ಲಿಯೋ ಓದಿದ್ದರು. ಕಾಲೇಜಿನಲ್ಲಿ ಓದುವ ಅವರ ಮೊಮ್ಮಗನು, "ಇಲ್ಲ ತಾತ, ಅದು ಮನುಷ್ಯರ ಕೈಯಲ್ಲಿ ಆಗುವ ಕೆಲಸವೇ ಅಲ್ಲ. ಬೇರೆ ಗ್ರಹದವರು ಬಂದು ಕಟ್ಟಿಹೋದರಂತೆ" ಎಂದನು. ಮಿತ್ರರು ಅವು ಬರಿಯ ಗೋರಿಗಳೆಂದು ವಾದಿಸಿದರು. ನನ್ನ ಸರದಿ ಬಂದಾಗ ನಾನು, "ಅದಿರಲಿ, ನಮ್ಮ ನಾಡಿನ ಮೋರ್ಯರ ಮನೆಗಳನ್ನು ಯಾರು ಕಟ್ಟಿದರು?" ಎಂದು ಕೇಳಿದೆ. ಜಗುಲಿ ಸುಮ್ಮನಾಯಿತು. ಅಂದು ಅರ್ಧಕ್ಕೆ ನಿಂತ ಆ ಮಾತನ್ನು ಈ ಹೊತ್ತು ನಿಮ್ಮ ಮುಂದೆ ಪೂರೈಸಬೇಕೆಂದಿದ್ದೇನೆ.

ಮೊದಲು ಪಿರಮಿಡ್ಡಿನ ವಿಚಾರ. ಗೀಜಾದ ಮಹಾ ಪಿರಮಿಡ್ಡು ಸುಮಾರು 4,500 ವರ್ಷಗಳ ಹಿಂದಿನದು. ಕಟ್ಟಿದಾಗ ಅದರ ಎತ್ತರ ಸುಮಾರು 480 ಅಡಿ. ಅದರಲ್ಲಿ ಹೆಚ್ಚು ಕಡಿಮೆ 23 ಲಕ್ಷ ಕಲ್ಲುಗಳಿವೆಯೆಂದು ಅಂದಾಜು. ಅದು ಕಣಜವಾಗಲಾರದು, ಏಕೆಂದರೆ ಒಳಗೆ ಒಂದೆರಡು ಕೋಣೆಗಳೂ ಇಕ್ಕಟ್ಟಾದ ಹಾದಿಗಳೂ ಹೊರತು ಉಳಿದುದೆಲ್ಲ ಗಟ್ಟಿ ಕಲ್ಲು. ಬೇರೆ ಗ್ರಹದವರ ಕೆಲಸವೂ ಆಗಲಾರದು. ಏಕೆಂದರೆ ಅದನ್ನು ಕಟ್ಟಿದ ವಿದ್ಯೆ ಮೆಟ್ಟಿಲು ಮೆಟ್ಟಿಲಾಗಿ ಬೆಳೆದುದು ನಮ್ಮ ಕಣ್ಣಿಗೆ ಕಾಣುತ್ತದೆ. ಮೊದಲು ಇಟ್ಟಿಗೆಯ ಚಪ್ಪಟೆ ಸಮಾಧಿಗಳು. ಆಮೇಲೆ ಸಕ್ಕಾರದಲ್ಲಿ ಜೋಸರ್ ದೊರೆಗಾಗಿ ಆರು ಹಂತದ ಕಲ್ಲಿನ ಕಟ್ಟಡ. ಆಮೇಲೆ ಸ್ನೆಫೆರು ದೊರೆಯ ಕಾಲದಲ್ಲಿ, ಅರ್ಧ ಏರಿದ ಮೇಲೆ ಇಳಿಜಾರನ್ನು ಬದಲಿಸಬೇಕಾಗಿ ಬಂದು ಸೊಂಟ ಬಾಗಿದಂತೆ ನಿಂತ ಒಂದು ಪಿರಮಿಡ್ಡು. ಅನಂತರ ಅದೇ ದೊರೆಯ ನೆಟ್ಟಗಿನ ಪಿರಮಿಡ್ಡು. ಮಹಾ ಪಿರಮಿಡ್ಡು ಅವನ ಮಗ ಖುಫುವಿನದು. ತಪ್ಪಿ, ತಿದ್ದಿಕೊಂಡು ಕಲಿಯುವುದು ಮನುಷ್ಯನ ಲಕ್ಷಣ. 1990ರಲ್ಲಿ ಅಲ್ಲಿಯ ಕೆಲಸಗಾರರ ಸಮಾಧಿಗಳು ದೊರೆತವು. 2013ರಲ್ಲಿ ಕೆಂಪು ಸಮುದ್ರದ ದಡದಲ್ಲಿ ದೊರೆತ ಪ್ಯಾಪಿರಸ್ ಹಾಳೆಗಳಲ್ಲಿ ಮೆರೆರ್ ಎಂಬ ಮೇಸ್ತ್ರಿಯು ತನ್ನ ಆಳುಗಳೊಡನೆ ದೋಣಿಯಲ್ಲಿ ಸುಣ್ಣಕಲ್ಲು ಸಾಗಿಸಿದ ದಿನವಹಿ ಲೆಕ್ಕವಿದೆ. ಲೆಕ್ಕ ಬರೆದಿಡುವ ಮೇಸ್ತ್ರಿಗಿಂತ ಹೆಚ್ಚಿನ ಸಾಕ್ಷಿ ಇನ್ನಾವುದು ಬೇಕು?

ಇನ್ನು ನಮ್ಮ ನಾಡಿಗೆ ಬರೋಣ. ಕೊಪ್ಪಳ ಜಿಲ್ಲೆಯ ಗಂಗಾವತಿಯ ಬಳಿ ಹಿರೇಬೆಣಕಲ್ ಎಂಬ ಊರಿದೆ. ಅದರ ಬೆಟ್ಟದ ಮೇಲೆ ನೂರಾರು ಕಲ್ಮನೆಗಳಿವೆ. ಸುತ್ತ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಮನೆಗಳು. ಕೆಲವು ಆಳೆತ್ತರವನ್ನು ಮೀರಿವೆ. ಕೆಲವುಗಳ ಮುಂದಿನ ಚಪ್ಪಡಿಯಲ್ಲಿ ಗುಂಡಾದ ಒಂದು ಕಂಡಿ. ಜನ ಇವನ್ನು ಮೋರ್ಯರ ಮನೆಗಳೆನ್ನುತ್ತಾರೆ. ಮೋರ್ಯರೆಂದರೆ ಹಿಂದಿನ ಕಾಲದ ಕುಳ್ಳರಂತೆ. ಬೆಂಕಿಯ ಮಳೆಗೆ ಅಂಜಿ ಕಲ್ಲಿನ ಮನೆ ಕಟ್ಟಿಕೊಂಡರಂತೆ. ಬೇರೆ ಕಡೆಗಳಲ್ಲಿ ಇಂಥವನ್ನೇ ಪಾಂಡವರು ಕಟ್ಟಿದರೆನ್ನುತ್ತಾರೆ. ಕುಳ್ಳರಾದರೂ ಸರಿ, ಪಾಂಡವರಾದರೂ ಸರಿ, ನಮ್ಮಂಥ ಮನುಷ್ಯರು ಮಾತ್ರ ಅಲ್ಲ! ಕುವೆಂಪುನಗರದ ಹುಡುಗನ ತರ್ಕವೂ ಈ ಹಳ್ಳಿಯ ಕಥೆಯೂ ಒಂದೇ ಬಳ್ಳಿಯ ಕಾಯಿಗಳು.

ಈ ಗಂಟನ್ನು ಬಿಚ್ಚಿದ ಕೀರ್ತಿಯಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಗೆ ದೊಡ್ಡ ಪಾಲಿದೆ. 1892ರಲ್ಲಿ ಬಿ. ಎಲ್. ರೈಸ್ ಅವರು ಅಶೋಕನ ಶಾಸನವನ್ನು ಕಂಡದ್ದು ಅಲ್ಲಿಯೇ. ಮೈಸೂರಿನ ಡಾಕ್ಟರ್ ಎಂ. ಎಚ್. ಕೃಷ್ಣ ಅವರು ಅಲ್ಲಿ ಅಗೆದು ನೋಡಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಪದರ ಪದರವಾಗಿ ಉತ್ಖನನ ನಡೆಸಿದರು. ನೆಲದೊಳಗಿನ ಕಲ್ಲುಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾದ ಮನುಷ್ಯರ ಎಲುಬು, ಕಬ್ಬಿಣದ ಆಯುಧ, ಕಪ್ಪು ಕೆಂಪು ಎರಡು ಬಣ್ಣದ ಮಡಕೆಗಳು ದೊರೆತವು. ದೇಹವನ್ನು ಮೊದಲು ಬೇರೆಡೆ ಇರಿಸಿ, ಎಲುಬು ಉಳಿದ ಮೇಲೆ ಆರಿಸಿ ತಂದಿಡುತ್ತಿದ್ದರೆಂದು ವೀಲರ್ ಊಹಿಸಿದರು. ಮುಖ್ಯವಾದ ಸಂಗತಿ ಇನ್ನೊಂದು: ಸಮಾಧಿಯಲ್ಲಿದ್ದಂಥ ಮಡಕೆಗಳೇ ಪಕ್ಕದ ಊರಿನ ಪದರದಲ್ಲಿಯೂ ಸಿಕ್ಕಿದವು. ಕಟ್ಟಿದವರು ಅಲ್ಲಿಯೇ ಬಾಳಿ, ಉಂಡು, ಸತ್ತವರೆಂದು ಇದರಿಂದ ತಿಳಿಯಿತು.

ಆದರೆ ವಿದ್ವಾಂಸರೂ ತಿದ್ದಿಕೊಳ್ಳಬೇಕಾಗುತ್ತದೆ. ವೀಲರ್ ಇವುಗಳ ಕಾಲವನ್ನು ಕ್ರಿಸ್ತಪೂರ್ವದ ಕೊನೆಯ ಎರಡು ಮೂರು ಶತಮಾನಗಳೆಂದು ಎಣಿಸಿದ್ದರು. 1965ರಲ್ಲಿ ಎಂ. ಎಸ್. ನಾಗರಾಜ ರಾವ್ ಅವರು ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಅಗೆದರು. ಅಲ್ಲಿಯ ಇದ್ದಲನ್ನು ಪರೀಕ್ಷಿಸಿದಾಗ, ಈ ನಾಡಿನಲ್ಲಿ ಕಬ್ಬಿಣದ ಬಳಕೆ ಕ್ರಿ. ಪೂ. 1000ದ ಸುಮಾರಿಗೇ ಹೋಗುವುದೆಂದು ಕಂಡಿತು. ಒಂದು ಹಿಡಿ ಇದ್ದಲು ಹಳೆಯ ಎಣಿಕೆಯನ್ನು ಅಲುಗಿಸಿತು.

ಹಾಗಾದರೆ ಇವೆಲ್ಲ ಬರಿಯ ಗೋರಿಗಳೆಂದ ಮಿತ್ರರು ಗೆದ್ದರೇ? ಪೂರ್ತಿಯಾಗಿ ಅಲ್ಲ. ಈಜಿಪ್ಟಿನ ಉನಾಸ್ ದೊರೆಯ ಪಿರಮಿಡ್ಡಿನ ಒಳಗೋಡೆಯ ಬರಹಗಳು, ಸತ್ತ ಅರಸನು ಆಕಾಶಕ್ಕೆ ಏರುವ ಮಾತನ್ನಾಡುತ್ತವೆ. ಅಂದಮೇಲೆ ಅದು ಹೂಳುವ ಜಾಗ ಮಾತ್ರವಲ್ಲ, ಏರುವ ಜಾಗವೂ ಹೌದು. ಹಿರೇಬೆಣಕಲ್ಲಿನವರು ಬರಹ ಬಿಟ್ಟುಹೋಗಲಿಲ್ಲ. ಆದರೂ ಸತ್ತವರಿಗಾಗಿ ಬೆಟ್ಟದ ಮೇಲೆ ಕಲ್ಲೆತ್ತಿದವರ ಮನಸ್ಸಿನಲ್ಲಿ, ಹೋದವರೊಡನೆ ನಂಟು ಕಡಿಯಬಾರದೆಂಬ ಆಸೆ ಇದ್ದಿರಬೇಕೆಂದು ನನಗನ್ನಿಸುತ್ತದೆ. ವರ್ಷಕ್ಕೊಮ್ಮೆ ಹಿರಿಯರಿಗೆ ಎಡೆಯಿಡುವ ನಮಗೆ ಅದು ತಿಳಿಯದ ಮಾತಲ್ಲ.

ಕಲ್ಲು ತಾನಾಗಿ ಮಾತನಾಡದು. ಅದರ ಪಕ್ಕದ ಎಲುಬು, ಮಡಕೆಯ ಚೂರು, ಇದ್ದಲು ಮಾತನಾಡುತ್ತವೆ. ಇದನ್ನರಿಯದೆ ನಿಧಿಯ ಆಸೆಗೆ ಇಂಥ ಕಲ್ಮನೆಗಳನ್ನು ಅಗೆದು ಕೆಡವಿದವರುಂಟು. ಚಪ್ಪಡಿಗಳನ್ನು ಕಟ್ಟಡಕ್ಕೆ ಒಯ್ದವರೂ ಉಂಟು. ಅವರಿಗೆ ಹೊನ್ನು ಸಿಕ್ಕಲಿಲ್ಲ. ನಮಗೆ ಸಾಕ್ಷಿ ಉಳಿಯಲಿಲ್ಲ. 2021ರಲ್ಲಿ ಹಿರೇಬೆಣಕಲ್ಲಿನ ಹೆಸರು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು. ಸಂತೋಷವೇ ಸರಿ. ಆದರೆ ಪಟ್ಟಿಯಲ್ಲಿಲ್ಲದ ಹತ್ತಾರು ಗುಡ್ಡಗಳನ್ನು ಕಾಯಬೇಕಾದವರು ಆಯಾ ಊರಿನವರೇ.

ಅಂದು ಹೊರಡುವಾಗ ಆ ಹುಡುಗನು ನನ್ನನ್ನು ಬಾಗಿಲವರೆಗೆ ಕಳುಹಿಸಬಂದು, "ಗಂಗಾವತಿಗೆ ಹೇಗೆ ಹೋಗಬೇಕು?" ಎಂದು ಕೇಳಿದನು. ವಾದದಲ್ಲಿ ಯಾರು ಗೆದ್ದರೆಂಬ ಚಿಂತೆ ನನಗೆ ಆಮೇಲೆ ಉಳಿಯಲಿಲ್ಲ.