ಲಾಳಿಯೂ ನಮ್ಮೊಳಗಿನ ತಡೆಯೂ

(ನಮ್ಮ ಅಭ್ಯಾಸಕೂಟದಲ್ಲಿ ಮಾಡಿದ ಭಾಷಣದ ಪಾಠ)

ಸಂಗಾತಿಗಳೇ, ಅಂಗಡಿ ಬಾಗಿಲು ಹಾಕಿಕೊಂಡು ಬಂದಿರುವ ವರ್ತಕ ಮಿತ್ರರೇ,

ಲೋಕವನ್ನು ಬದಲಾಯಿಸುವ ಮಾತನ್ನು ಈ ಕೊಠಡಿಯಲ್ಲಿ ನಾವು ಬಹಳ ಸಲ ಆಡಿದ್ದೇವೆ. ನಾವೇ ಬದಲಾಗುವ ಮಾತು ಬಂದಾಗ ಮಾತ್ರ ಯಾರಿಗಾದರೂ ಬಸ್ಸಿನ ಹೊತ್ತಾಗಿಬಿಡುತ್ತದೆ. ಇಂದು ಬಸ್ಸು ತಪ್ಪಿದರೂ ತಪ್ಪಲಿ, ಆ ಮಾತನ್ನೇ ಎತ್ತಿಕೊಳ್ಳೋಣ.

ಹೋದ ವರ್ಷ ನಾವು ನಡೆಸಿದ ಸಹಭೋಜನ ನಿಮಗೆ ನೆನಪಿರಬೇಕು. ಜಾತಿನಾಶದ ಠರಾವು ಒಮ್ಮತದಿಂದ ಪಾಸಾಯಿತು. ಕೈ ಎತ್ತದವರು ಒಬ್ಬರೂ ಇರಲಿಲ್ಲ. ಅಡಿಗೆ ಮಾಡಿದವರು ಕೇರಿಯ ನಮ್ಮ ಸಂಗಾತಿಗಳು. ಎಲೆ ಹಾಕುವ ಹೊತ್ತಿಗೆ ಒಬ್ಬರಿಗೆ ಏಕಾದಶಿ ನೆನಪಾಯಿತು, ಇನ್ನೊಬ್ಬರಿಗೆ ಹೊಟ್ಟೆನೋವು ಬಂತು, ಮತ್ತೊಬ್ಬರು ಮನೆಯಲ್ಲಿ ನೆಂಟರು ಕಾದಿದ್ದಾರೆಂದು ಹೊರಟರು. ಪಂಚಾಂಗ ನೋಡಿದರೆ ಅಂದು ಅಷ್ಟಮಿ! ಅಡಿಗೆ ಮಾಡಿದ ಹಿರಿಯರು ಸಿಟ್ಟಾಗಲಿಲ್ಲ. "ಹೊಟ್ಟೆನೋವು ಅನ್ನೋರಿಗೆ ಮಜ್ಜಿಗೆ ಕೊಡ್ರಪ್ಪಾ. ಆದ್ರೆ ಅದನ್ನೂ ನಾನೇ ಕಡ್ದಿದ್ದು" ಎಂದರು. ನಾವೆಲ್ಲ ನಕ್ಕೆವು. ಆ ನಗು ಗಂಟಲಿನಿಂದ ಕೆಳಗಿಳಿಯಲಿಲ್ಲ. ಕುಳಿತು ಉಂಡವರಲ್ಲೂ ಕೆಲವರು ಮನೆಗೆ ಹೋದವರೇ ನೆಟ್ಟಗೆ ಬಚ್ಚಲಿಗೆ ನಡೆದರೆಂಬುದು ನಮಗೆ ಗೊತ್ತು. ಗೊತ್ತು ಏಕೆಂದರೆ ಆ ಕೆಲವರಲ್ಲಿ ನಾವೂ ಇದ್ದೆವು.

ಠರಾವಿಗೆ ಎತ್ತಿದ ಕೈ ಸುಳ್ಳು ಕೈಯೇ? ಅಲ್ಲವೆಂದೇ ನಾವು ತಿಳಿದಿದ್ದೇವೆ. ಆ ಹೊತ್ತಿಗೆ ಅದು ನಿಜವಾಗಿಯೇ ಎದ್ದಿತ್ತು. ಹಾಗಾದರೆ ಅದೇ ಕೈಯನ್ನು ಎಲೆಯ ಮುಂದೆ ಹಿಡಿದು ನಿಲ್ಲಿಸಿದ್ದು ಯಾವುದು?

ಇದು ನಮ್ಮೂರಿನ ರೋಗ ಮಾತ್ರವಲ್ಲ. ಗಿರಣಿಯಲ್ಲಿ ದುಡಿದವರಿಗೆ ಬೇಗ ತಿಳಿಯುವ ಹಳೆಯ ಸಂಗತಿಯೊಂದು ಮುಂಬಯಿಯದು. ಹಿಂದಿನ ಮಗ್ಗಗಳಲ್ಲಿ ಲಾಳಿಯ ಕಂಡಿಕೆ ಮುಗಿದಾಗ ಹೊಸ ಕಂಡಿಕೆ ಹಾಕಿ, ನೂಲಿನ ತುದಿಯನ್ನು ಲಾಳಿಯ ಕಣ್ಣಿನ ಬಳಿಗೆ ತಂದು, ಬಾಯಿಟ್ಟು ಉಸಿರಿನಿಂದ ಹೊರಕ್ಕೆ ಸೆಳೆಯಬೇಕಾಗಿತ್ತು. ಒಂದೇ ಲಾಳಿಗೆ ಹಲವರ ಬಾಯಿ. ಈ ಎಂಜಲಿನ ಕಾರಣ ಹೇಳಿ, ಆಗ ಅಸ್ಪೃಶ್ಯರೆಂದು ಕರೆಯುತ್ತಿದ್ದ ಕಾರ್ಮಿಕರನ್ನು ನೇಯ್ಗೆ ಖಾತೆಯ ಹೊರಗಿಟ್ಟಿದ್ದರು. ಅವರಿಗೆ ಸಿಗುತ್ತಿದ್ದುದು ನೂಲುವ ಖಾತೆಯಂಥ ಕಡಿಮೆ ಕೂಲಿಯ ಕೆಲಸ.

1928ರಲ್ಲಿ ಆ ಗಿರಣಿಗಳ ಸುಮಾರು ಒಂದೂವರೆ ಲಕ್ಷ ಜನ ಆರು ತಿಂಗಳು ಮುಷ್ಕರ ಹೂಡಿದರು. ಅಂಥ ಒಗ್ಗಟ್ಟು ನಮ್ಮ ದೇಶ ಕಂಡದ್ದು ಕಡಿಮೆ. ಎಲ್ಲ ಖಾತೆಗಳಲ್ಲೂ ದುಡಿಯುವ ಹಕ್ಕು ತಮ್ಮ ಜನಕ್ಕೆ ಬೇಕು, ಇದನ್ನೂ ಬೇಡಿಕೆಗಳಲ್ಲಿ ಸೇರಿಸಿರಿ ಎಂದು ಡಾಕ್ಟರ್ ಅಂಬೇಡ್ಕರ್ ಮುಷ್ಕರದ ಮುಂದಾಳುಗಳನ್ನು ಕೇಳಿದರು. ಮುಂದಾಳುಗಳು ಒಲ್ಲದ ಮನಸ್ಸಿನಿಂದ ಒಪ್ಪಿಕೊಂಡರು. ಬೇಡಿಕೆ ಮಾಲೀಕರ ಮುಂದೆ ಬಂದಾಗ ಅವರು ಕೊಟ್ಟ ಉತ್ತರವೇನು? ಇದು ಅನ್ಯಾಯವೇ ಆಗಿದ್ದರೆ ಅದಕ್ಕೆ ಹೊಣೆ ನಾವಲ್ಲ ಎಂದರು. ಮಾಲೀಕರ ಮಾತನ್ನು ನಾವು ಮೆಚ್ಚುವುದು ಅಪರೂಪ. ಆದರೆ ಆ ಒಂದು ಮಾತಿಗೆ ಮಾರುತ್ತರ ಹೇಳುವುದು ಕಷ್ಟವಾಗಿತ್ತು. ನೇಯ್ಗೆ ಖಾತೆಯ ಬಾಗಿಲನ್ನು ಒಳಗಿನಿಂದ ಹಿಡಿದು ನಿಂತಿದ್ದವರು ಕಾರ್ಮಿಕರೇ.

ಈ ಸಂಗತಿಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಎಂಜಲಿನ ಭಯ ನಿಜವಾಗಿದ್ದರೆ, ಪಕ್ಕದ ಮಗ್ಗದಲ್ಲಿ ಕೆಮ್ಮುತ್ತಿದ್ದ ಸ್ವಜಾತಿಯವನ ಎಂಜಲಿಗೂ ಅಂಜಬೇಕಾಗಿತ್ತು. ಬಾಯಿ ತಗಲಿಸದೆ ನೂಲು ಪೋಣಿಸುವ ಲಾಳಿಯೇ ಬೇಕೆಂದು ಕೇಳಬಹುದಾಗಿತ್ತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯವು ಬಾಯಿಟ್ಟು ಎಳೆಯುವ ಲಾಳಿಯನ್ನು 1911ರಲ್ಲೇ ಕಾನೂನಿನಿಂದ ನಿಷೇಧಿಸಿತ್ತು. ಲಾಳಿ ಬದಲಾಗಲಿ ಎಂಬುದಕ್ಕಿಂತ ಮನುಷ್ಯ ಹೊರಗಿರಲಿ ಎಂಬುದೇ ಇಲ್ಲಿ ಸುಲಭವಾಗಿ ಕಂಡಿತು. ಎಂಜಲು ನೆಪ. ಹೆಚ್ಚು ಕೂಲಿಯ ಕೆಲಸ ಕಾಯ್ದಿಟ್ಟುಕೊಳ್ಳುವುದೂ, ದಿನವಿಡೀ ಜಾಬರನ ಬೈಗುಳ ತಿಂದವನಿಗೆ ತನಗಿಂತ ಕೆಳಗೊಬ್ಬನಿದ್ದಾನೆಂಬ ಸಮಾಧಾನವೂ ಅದರ ಹಿಂದಿದ್ದ ಲಾಭ.

ನಮ್ಮೊಳಗಿನ ತಡೆಯನ್ನು ನಾವು ಬರಿಯ ಅಭ್ಯಾಸವೆಂದು, ಅಜ್ಞಾನವೆಂದು ಕರೆಯುತ್ತೇವೆ. ಹಾಗೆ ಕರೆದರೆ ಮನಸ್ಸಿಗೆ ಹಗುರ. ಆದರೆ ಅದು ಏನನ್ನೋ ಕಾಯುತ್ತಿರುತ್ತದೆ. ಏನನ್ನು ಕಾಯುತ್ತಿದೆಯೆಂದು ನಾವು ಕೇಳದಿರುವವರೆಗೂ ಅದಕ್ಕೆ ಯಾವ ಭಾಷಣವೂ ತಾಗದು. ವಾದದಲ್ಲಿ ಸೋತರೆ ಅದು ಹೊಟ್ಟೆನೋವಾಗಿ ಬರುತ್ತದೆ.

ಅದರ ಇನ್ನೊಂದು ಗುಣ, ಎಂದೂ ತನ್ನ ಹೆಸರಿನಲ್ಲಿ ಮಾತಾಡುವುದಿಲ್ಲ. "ನನಗೇನೂ ಇಲ್ಲ, ಅವ್ವ ನೊಂದುಕೊಳ್ತಾಳೆ." "ನನಗೇನೂ ಇಲ್ಲ, ಗಿರಾಕಿ ತಪ್ತಾವೆ." ಬಸವಣ್ಣನವರ ಪಟಕ್ಕೆ ಊದುಬತ್ತಿ ಹಚ್ಚಿ ಬಾಗಿಲು ತೆರೆಯುವ ಅಂಗಡಿಗಳಲ್ಲೇ ಕೆಲವರಿಗೆ ಚಿಲ್ಲರೆಯನ್ನು ಕೈಗೆ ಕೊಡದೆ ಹಲಗೆಯ ಮೇಲೆ ಇಡುವುದನ್ನು ನಾವು ಕಂಡಿದ್ದೇವೆ. ಇಡುವವರಿಗೆ ತಾವು ಹಾಗೆ ಇಡುತ್ತೇವೆಂಬುದೇ ತಿಳಿದಿರುವುದಿಲ್ಲ. ತೆಗೆದುಕೊಳ್ಳುವವರಿಗೆ ಪ್ರತಿಸಲವೂ ತಿಳಿಯುತ್ತದೆ.

ಕಾನೂನು ಬೇಡವೆಂದು ನಾವು ಹೇಳುತ್ತಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. 1955ರ ಕಾಯಿದೆ ಅದಕ್ಕೆ ಶಿಕ್ಷೆ ಗೊತ್ತುಮಾಡಿತು. 1976ರಲ್ಲಿ ಆ ಕಾಯಿದೆಯನ್ನು ಬಿಗಿಗೊಳಿಸಿದರು. ಹೋಟೆಲಿನ ಬಾಗಿಲು ತೆರೆಸಿದ್ದು ನಮ್ಮ ಸದ್ಬುದ್ಧಿಯಲ್ಲ, ಹೋರಾಟ ಮತ್ತು ಕಾನೂನು. ಲಾಳಿಯೇ ಇಲ್ಲದ ಮಗ್ಗಗಳೂ ಬಂದುವು. ಎಂಜಲಿನ ನೆಪ ಹೋಯಿತು, ಏಕಾದಶಿಯ ನೆಪ ಉಳಿಯಿತು. 1938ರಲ್ಲಿ ಮನಮಾಡಿನ ರೈಲ್ವೆ ಕಾರ್ಮಿಕರಿಗೆ ಅಂಬೇಡ್ಕರ್ ಇಬ್ಬರು ಶತ್ರುಗಳನ್ನು ತೋರಿಸಿದರು: ಬ್ರಾಹ್ಮಣಶಾಹಿ, ಬಂಡವಾಳಶಾಹಿ. ಮೊದಲನೆಯದು ಬ್ರಾಹ್ಮಣರಲ್ಲಿ ಮಾತ್ರ ಇಲ್ಲ, ಎಲ್ಲ ವರ್ಗಗಳಲ್ಲೂ ಹೊಕ್ಕಿದೆ ಎಂದೂ ಹೇಳಿದರು. ನಾವು ಎರಡನೆಯದರ ಮೇಲೆ ಎಷ್ಟೋ ಲೇಖನ ಬರೆದಿದ್ದೇವೆ. ಮೊದಲನೆಯದರ ಮೇಲೆ ಬರೆದಾಗಲೆಲ್ಲ ಅದು ಬೇರೆಯವರ ಮನೆಯಲ್ಲಿದೆ ಎಂಬಂತೆ ಬರೆದೆವು.

ಮಾಡುವುದೇನು? ಮನಸ್ಸು ಪೂರ್ತಿ ಶುದ್ಧವಾದ ಮೇಲೆ ಉಣ್ಣುತ್ತೇವೆಂದರೆ ಎಲೆ ಒಣಗಿ ಹೋಗುತ್ತದೆ. ನಮ್ಮ ಅನುಭವದಲ್ಲಿ ಮೊದಲು ಬದಲಾಗುವುದು ಬಾಯಿ, ಕಟ್ಟಕಡೆಗೆ ಬದಲಾಗುವುದು ಹೊಟ್ಟೆ. ನಡುವಿನ ಕೆಲಸವನ್ನು ಕೈ ಮಾಡಬೇಕು, ಹಿಂಜರಿಕೆ ಇರುವಾಗಲೇ ಮಾಡಬೇಕು. ಬಚ್ಚಲಿಗೆ ನಡೆದವರಲ್ಲಿ ಒಬ್ಬರು ಆಮೇಲೆ ಕೇರಿಯ ಆ ಹಿರಿಯರ ಮನೆಗೆ ವಾರಕ್ಕೊಮ್ಮೆ ಚಹಕ್ಕೆ ಹೋಗತೊಡಗಿದರು. ಮೊದಲ ಸಲ ಲೋಟ ಹಿಡಿದ ಬೆರಳು ನಡುಗಿದವಂತೆ. ನಾಲ್ಕೈದು ವಾರ ಕಳೆದ ಮೇಲೆ ಚಹಕ್ಕೆ ಸಕ್ಕರೆ ಹೆಚ್ಚಾಯಿತೆಂದು ಜಗಳ ತೆಗೆದರಂತೆ! ಇದನ್ನು ಕೇಳಿದಾಗ ನಮಗಾದ ಸಂತೋಷ ಠರಾವು ಪಾಸಾದಾಗಲೂ ಆಗಿರಲಿಲ್ಲ.

ಒಬ್ಬೊಬ್ಬರೇ ಮಾಡುವುದು ಕಷ್ಟ, ಜೊತೆಗೆ ಮಾಡಿದರೆ ನೆಪಕ್ಕೆ ಜಾಗ ಕಡಿಮೆ. ಅದಕ್ಕಾಗಿ ಇನ್ನು ತಿಂಗಳಿಗೊಂದು ಸಹಭೋಜನವೆಂದು ಗೊತ್ತುಮಾಡಿದ್ದೇವೆ, ಸರದಿಯ ಮೇಲೆ ನಮ್ಮನಮ್ಮ ಮನೆಗಳಲ್ಲೇ. ಅಂಗಳದಲ್ಲಲ್ಲ, ಒಳಗೆ. ಮನೆಯ ಹೆಂಗಸರ ಮೇಲೆ ಕೆಲಸ ಹೊರಿಸಿ ಗಂಡಸರು ಪ್ರಗತಿಪರರಾಗುವುದು ಬೇಡ, ಅಡಿಗೆಗೂ ಪಾತ್ರೆಗೂ ನಾವೇ ನಿಲ್ಲಬೇಕು. ಅವ್ವ ನೊಂದುಕೊಳ್ಳುತ್ತಾಳೆಂದವರು ಅವ್ವನನ್ನು ಒಮ್ಮೆ ಕೇಳಿಕೊಂಡು ಬನ್ನಿ. ಮೊದಲ ಊಟ ಬರುವ ಭಾನುವಾರ, ಈಗ ಮಾತಾಡುತ್ತಿರುವ ನಮ್ಮ ಮನೆಯಲ್ಲಿ. ಲೋಟ ಯಾರೂ ತರಬೇಡಿ, ಇಲ್ಲಿವೆ. ಪಂಚಾಂಗ ನೋಡಿಯೇ ದಿನ ಇಟ್ಟಿದ್ದೇವೆ, ಅಂದು ಏಕಾದಶಿ ಇಲ್ಲ.